ಹಳೆಯ ತಂಡ, ಹೊಸ ಆಲ್ಬಮ್: ತಲೆನೋವು ಎಲ್ಲಿಂದ ಬಂತು?



ಶಬ್ದವಿಜ್ಞಾನದ ಬಗ್ಗೆ ಒಂದು ಮಾತುಕತೆಯ ಕಾರ್ಯಕ್ರಮಕ್ಕೆ ಸಿದ್ಧತೆ ಮಾಡಿಕೊಳ್ಳಲು ನಾವು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ತಿರುಗಾಡುತ್ತಿದ್ದೆವು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಸಾಮಾನ್ಯವಾಗಿ ಬರುವುದು ಪಠ್ಯಪುಸ್ತಕದ ಪ್ರಶ್ನೆಗಳೇ. ಗುಡುಗಿಗಿಂತ ಮೊದಲು ಮಿಂಚು ಏಕೆ ಕಾಣುತ್ತದೆ, ಬಾವಲಿ ಕತ್ತಲಲ್ಲಿ ಹೇಗೆ ಹಾರುತ್ತದೆ, ಇತ್ಯಾದಿ. ಹುಕ್ಕೇರಿಯ ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ ಮಾತ್ರ ಎದ್ದುನಿಂತು ಬೇರೆಯದನ್ನೇ ಕೇಳಿದ.

"ಸರ್, ಮೆಟಾಲಿಕಾದ ಹಳೇ ಆಲ್ಬಮ್ 'ಮಾಸ್ಟರ್ ಆಫ್ ಪಪೆಟ್ಸ್' ಎಷ್ಟ್ ಸಲ ಕೇಳಿದ್ರೂ ಬ್ಯಾಸರ ಆಗೂದಿಲ್ರಿ. 'ಡೆತ್ ಮ್ಯಾಗ್ನೆಟಿಕ್' ಹಚ್ಚಿದ್ರ ನಾಕನೇ ಹಾಡಿಗೆ ತಲಿ ನೋಯಾಕ ಹತ್ತತೈತ್ರಿ. ಅವರಿಗೆ ವಯಸ್ಸಾತೇನ್ರಿ, ಇಲ್ಲಾ ನನ್ನ ಕಿವೀನ ಕೆಟ್ಟಾವೇನ್ರಿ?"

ಗೆಳೆಯರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಆ ಆಲ್ಬಮ್ ಹೊರಬಂದಾಗ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ನಾನು ಕಾಲೇಜಿನಲ್ಲಿದ್ದಾಗ ಬೆಳಗಾವಿಯಿಂದ ಯಾರೋ ತಂದ ಒಂದು ಕ್ಯಾಸೆಟ್ಟು ಹತ್ತು ಕೈ ದಾಟಿ, ಪ್ರತಿಯ ಪ್ರತಿಯಾಗಿ, ಅರ್ಧ ಸುಯ್ಯೆನ್ನುವ ಸದ್ದು ಅರ್ಧ ಗಿಟಾರ್ ಆಗಿ ನಮ್ಮ ರೂಮಿಗೆ ಬರುತ್ತಿತ್ತು. ಅದನ್ನೇ ಕಿವಿಯಿಟ್ಟು ಕೇಳುತ್ತಿದ್ದವರು ನಾವು. ಅಂಥವನಿಗೆ ಹೊಸ ಸಿ.ಡಿ. ತಂದು ಹಾಕಿದಾಗ ಅರ್ಧ ಗಂಟೆಯೊಳಗೆ ಸಾಕೆನಿಸಿದರೆ ಆಗುವ ಸಂಕಟ ಅಭಿಮಾನಿಗಳಿಗಷ್ಟೇ ಗೊತ್ತು!

ಹೆವಿ ಮೆಟಲ್ ಸಂಗೀತದ ಪರಿಚಯವಿಲ್ಲದವರಿಗೆ ಎರಡು ಮಾತು. ಅತಿ ಒರಟಾದ ಗಿಟಾರ್, ವೇಗದ ಡ್ರಮ್, ಏರುದನಿಯ ಹಾಡುಗಾರಿಕೆ ಈ ಪ್ರಕಾರದ ಲಕ್ಷಣ. ಮೆಟಾಲಿಕಾ 1981ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ತಂಡ. 'ಮಾಸ್ಟರ್ ಆಫ್ ಪಪೆಟ್ಸ್' ಬಂದದ್ದು 1986ರಲ್ಲಿ. 1991ರ ಆಲ್ಬಮ್ ಅವರನ್ನು ಜಗತ್ತಿನ ಮನೆಮಾತಾಗಿಸಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಹಾಡಿದಾಗ ನಾಡಿನ ಮೂಲೆಮೂಲೆಗಳಿಂದ ಹುಡುಗರು ರಾತ್ರಿ ಬಸ್ಸು ಹತ್ತಿ ಹೋಗಿದ್ದರು. ಎರಡು ದಿನ ಮೊದಲು ದೆಹಲಿ ಸಮೀಪದ ಗುಡಗಾಂವ್‌ನಲ್ಲಿ ನಡೆಯಬೇಕಿದ್ದ ಕಛೇರಿ ರದ್ದಾಗಿತ್ತು. ಹೀಗಾಗಿ ಭಾರತದಲ್ಲಿ ಅವರನ್ನು ಮೊದಲು ಕಂಡ ಭಾಗ್ಯ ನಮ್ಮ ರಾಜ್ಯದ್ದಾಯಿತು.

ಈ ತಂಡದ ಅಭಿಮಾನಿಗಳು ಸುಲಭಕ್ಕೆ ಸಮಾಧಾನಗೊಳ್ಳುವವರಲ್ಲ. 1988ರ ಆಲ್ಬಮ್‌ನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂದು ಅವರು ಇಂದಿಗೂ ದೂರುತ್ತಾರೆ. 2003ರ 'ಸೇಂಟ್ ಆಂಗರ್' ಬಂದಾಗ ಡ್ರಮ್ಮಿನ ಸದ್ದು ತಗಡಿನ ಡಬ್ಬಿ ಬಾರಿಸಿದಂತಿದೆ ಎಂದು ಸಿಟ್ಟಾದರು. ಆದ್ದರಿಂದ 2008ರಲ್ಲಿ ನಿರ್ಮಾಪಕ ರಿಕ್ ರೂಬಿನ್ ಜೊತೆ ಸೇರಿ ತಂಡ ತನ್ನ ಹಳೆಯ ವೇಗದ ಶೈಲಿಗೆ ಮರಳುತ್ತಿದೆ ಎಂಬ ಸುದ್ದಿ ಹಬ್ಬಿದಾಗ ಎಲ್ಲರೂ ಕಾದು ಕುಳಿತರು. 'ಡೆತ್ ಮ್ಯಾಗ್ನೆಟಿಕ್' ಬಂತು. ಹತ್ತು ಹಾಡು, ಸುಮಾರು 75 ನಿಮಿಷ. ಹಾಡುಗಳು ಚೆನ್ನಾಗಿವೆ ಎಂದು ಬಹಳ ಜನ ಒಪ್ಪಿದರು. ಆದರೆ ಕೇಳಲು ಆಗುತ್ತಿಲ್ಲ ಎಂದರು. ಮುದ್ರಣವನ್ನು ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿ ಎಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಯೋಚಿಸಿ: ಗದ್ದಲವೇ ಬೇಕೆಂದು ಬರುವ ಕೇಳುಗರು "ಗದ್ದಲ ಹೆಚ್ಚಾಯಿತು" ಎಂದು ಅರ್ಜಿ ಕೊಟ್ಟರು!

ಅವರ ದೂರು ಬರೀ ಅನಿಸಿಕೆಯಾಗಿ ಉಳಿಯದಿರಲು ಒಂದು ಕಾಕತಾಳೀಯ ಕಾರಣವಿತ್ತು. ಇದೇ ಹಾಡುಗಳು ಅದೇ ಸಮಯದಲ್ಲಿ 'ಗಿಟಾರ್ ಹೀರೊ' ಎಂಬ ಕಂಪ್ಯೂಟರ್ ಆಟದಲ್ಲಿಯೂ ಬಂದವು. ಆಟಗಾರ ಒಂದೊಂದು ವಾದ್ಯವನ್ನೂ ನುಡಿಸಬೇಕಾದ್ದರಿಂದ ಆಟ ತಯಾರಿಸುವವರಿಗೆ ವಾದ್ಯಗಳ ಸದ್ದನ್ನು ಬೇರೆಬೇರೆಯಾಗಿ ಕೊಡಲಾಗಿತ್ತು, ಕೊನೆಯ ಹಂತದ ಸಂಸ್ಕರಣೆ ಇಲ್ಲದೆ. ಅಭಿಮಾನಿಗಳು ಎರಡನ್ನೂ ಕಂಪ್ಯೂಟರಿನಲ್ಲಿ ತೆರೆದು ತರಂಗದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಆಟದಲ್ಲಿದ್ದ ಹಾಡಿನ ಚಿತ್ರ ಜೋಳದ ಹೊಲದ ಹಾಗೆ, ಎತ್ತರದ ತೆನೆ, ಗಿಡ್ಡ ತೆನೆ, ನಡುವೆ ಖಾಲಿ ಜಾಗ. ಸಿ.ಡಿ.ಯಲ್ಲಿದ್ದ ಅದೇ ಹಾಡು ಮೇಲೂ ಕೆಳಗೂ ಕುಡುಗೋಲಿನಿಂದ ಸಮನಾಗಿ ಕೊಯ್ದಂತೆ, ಒಂದು ಉದ್ದನೆಯ ಇಟ್ಟಿಗೆ! ಒಂದೇ ಹಾಡು, ಒಂದೇ ನುಡಿಸಾಣಿಕೆ. ವಯಸ್ಸಿನ ಪ್ರಶ್ನೆ ಅಲ್ಲಿಗೇ ಅರ್ಧ ಬಿದ್ದುಹೋಯಿತು ತಾನೆ?

ಆ ಇಟ್ಟಿಗೆ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಸಿ.ಡಿ.ಯಲ್ಲಿ ಶಬ್ದವನ್ನು ಸಂಖ್ಯೆಗಳಾಗಿ ಬರೆದಿರುತ್ತಾರೆ. ಒಂದು ಸೆಕೆಂಡಿನ ಶಬ್ದಕ್ಕೆ ಪ್ರತಿ ಚಾನೆಲ್‌ಗೆ 44,100 ಸಂಖ್ಯೆಗಳು. ಪ್ರತಿ ಸಂಖ್ಯೆಗೂ ಒಂದು ಮಿತಿಯಿದೆ: ಮೇಲೆ 32,767, ಕೆಳಗೆ ಮೈನಸ್ 32,768. ಇದಕ್ಕಿಂತ ದೊಡ್ಡ ಸಂಖ್ಯೆಗೆ ಅಲ್ಲಿ ಜಾಗವೇ ಇಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರ್ ಊರಬಾಗಿಲ ಕಮಾನಿನ ಕೆಳಗೆ ಹಾಯಬೇಕು ಎಂದುಕೊಳ್ಳಿ. ಹೇರು ಕಮಾನಿಗಿಂತ ಎತ್ತರವಿದ್ದರೆ ಮೇಲಿನ ಕಬ್ಬು ಮುರಿದು ಬೀಳಲೇಬೇಕು. ತರಂಗದ ತುದಿ 40,000ಕ್ಕೆ ಏರಬೇಕಿದ್ದಲ್ಲಿ ಯಂತ್ರ 32,767 ಎಂದು ಬರೆದು ಸುಮ್ಮನಾಗುತ್ತದೆ. ಮುಂದಿನದಕ್ಕೂ 32,767. ಅದರ ಮುಂದಿನದಕ್ಕೂ ಅದೇ. ದುಂಡಗಿನ ಶಿಖರ ಚಪ್ಪಟೆ ಮಾಳಿಗೆಯಾಗುತ್ತದೆ. ಇದಕ್ಕೆ ಕ್ಲಿಪಿಂಗ್ ಎಂದು ಹೆಸರು.

ಇದರ ಜೊತೆಗೆ ಇನ್ನೊಂದು ಕೆಲಸ ನಡೆಯುತ್ತದೆ, ಕಂಪ್ರೆಷನ್. ಮೆತ್ತಗಿನ ಸದ್ದನ್ನು ಎತ್ತುವುದು, ಜೋರಿನ ಸದ್ದನ್ನು ಅದುಮುವುದು. ನಿಮ್ಮ ಮೇಷ್ಟರು ತರಗತಿಗೆಲ್ಲ ಧಾರಾಳವಾಗಿ ಗ್ರೇಸ್ ಮಾರ್ಕ್ಸ್ ಕೊಟ್ಟು, 35 ಬಂದವನಿಗೆ 85, 90 ಬಂದವಳಿಗೆ 95 ಮಾಡಿದರೆ ಏನಾಗುತ್ತದೆ? ತರಗತಿಯ ಸರಾಸರಿ ಭರ್ಜರಿಯಾಗಿ ಏರುತ್ತದೆ. ಆದರೆ ಯಾರು ಓದಿದ್ದರು, ಯಾರು ಓದಿರಲಿಲ್ಲ ಎನ್ನುವುದು ತಿಳಿಯುವುದಿಲ್ಲ. ಹಿತಮಿತವಾಗಿ ಬಳಸಿದರೆ ಕಂಪ್ರೆಷನ್ ಒಳ್ಳೆಯ ಸಾಧನವೇ. ಅದಿಲ್ಲದೆ ನಮ್ಮ ಟೆಲಿವಿಷನ್ ಕೆಲಸವೂ ನಡೆಯುವುದಿಲ್ಲ. ಅತಿಯಾದರೆ ಹಾಡಿನ ಏರಿಳಿತವೇ ಹೊರಟುಹೋಗುತ್ತದೆ. ಏರಿಳಿತವನ್ನು ಅಳೆಯಲು ಕೇಳುಗರು ಡಿ.ಆರ್. ಎಂಬ ಒಂದು ಅಳತೆ ಇಟ್ಟುಕೊಂಡಿದ್ದಾರೆ. 1980ರ ದಶಕದ ಒಳ್ಳೆಯ ರಾಕ್ ಮುದ್ರಣಗಳು ಅದರಲ್ಲಿ 10ರ ಮೇಲೆ ಬರುತ್ತವೆ. 'ಡೆತ್ ಮ್ಯಾಗ್ನೆಟಿಕ್' ಸಿ.ಡಿ. ಬರುವುದು 3ರ ಆಸುಪಾಸು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬಳು ಅಡ್ಡಪ್ರಶ್ನೆ ಹಾಕಬಹುದು: ಮೆಟಲ್ ಗಿಟಾರಿನ ಒರಟು ಸದ್ದು ಕೂಡ ಕ್ಲಿಪಿಂಗ್‌ನಿಂದಲೇ ಹುಟ್ಟುವುದಲ್ಲವೆ, ಅದು ಹಿತವಾದರೆ ಇದೇಕೆ ಅಹಿತ? ಸರಿಯಾದ ಪ್ರಶ್ನೆ. ಗಿಟಾರಿನ ಆಂಪ್ಲಿಫೈಯರಿನಲ್ಲಿ ಕ್ಲಿಪ್ ಆಗುವುದು ಒಂದೇ ವಾದ್ಯ. ಅದರಿಂದ ಹುಟ್ಟುವ ಹೊಸ ಸ್ವರಗಳು ಆ ವಾದ್ಯದ ಸ್ವರಕ್ಕೇ ಸಂಬಂಧಪಟ್ಟವು. ಅತಿ ತೀಕ್ಷ್ಣವಾದದ್ದನ್ನು ಗಿಟಾರಿನ ಸ್ಪೀಕರ್ ತಾನೇ ಸೋಸಿಬಿಡುತ್ತದೆ. ಆದರೆ ಡ್ರಮ್, ಬೇಸ್, ಗಿಟಾರ್, ಕಂಠ ಎಲ್ಲ ಬೆರೆತ ಮೇಲೆ ಇಡೀ ಮಿಶ್ರಣವನ್ನು ಕ್ಲಿಪ್ ಮಾಡಿದರೆ ಒಂದರ ಕಂಪನ ಇನ್ನೊಂದರ ಜೊತೆ ತಿಕ್ಕಾಡಿ ಯಾವ ವಾದ್ಯಕ್ಕೂ ಸೇರದ ಸ್ವರಗಳು ಹುಟ್ಟುತ್ತವೆ. ಮೆಣಸಿನಕಾಯಿ ಚಟ್ನಿಯಲ್ಲಿ ಖಾರ ಇರಬೇಕು ಸರಿ. ಊಟದ ತಟ್ಟೆಯಲ್ಲಿರುವ ಅನ್ನ, ಮೊಸರು, ಹೋಳಿಗೆಗೆಲ್ಲ ಅದನ್ನೇ ಸವರಿದರೆ?

ಇಷ್ಟು ತಿಳಿದವರೇ ಹೀಗೇಕೆ ಮಾಡುತ್ತಾರೆ? ನಮ್ಮ ಕಿವಿಯ ಒಂದು ದೌರ್ಬಲ್ಯವೇ ಕಾರಣ. ಸದ್ದು ಕಡಿಮೆಯಿದ್ದಾಗ ಕಿವಿ ಮಂದ್ರ ಸ್ವರಗಳನ್ನೂ ತೀರ ಮೇಲಿನ ಸ್ವರಗಳನ್ನೂ ಸರಿಯಾಗಿ ಹಿಡಿಯುವುದಿಲ್ಲ. ಸದ್ದು ಏರಿದಂತೆ ಅವೂ ತುಂಬಿಕೊಂಡು ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು. ಹೀಗಾಗಿ ಎರಡು ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿದರೆ, ತುಸು ಜೋರಾಗಿರುವುದೇ "ಚೆನ್ನಾಗಿದೆ" ಅನಿಸುತ್ತದೆ. ರೇಡಿಯೋದಲ್ಲಿ ಪಕ್ಕದ ಹಾಡಿಗಿಂತ ನಮ್ಮ ಹಾಡು ಸಪ್ಪೆಯಾಗಬಾರದು ಎಂದು ಒಬ್ಬರು ಏರಿಸಿದರು, ಅವರಿಗಿಂತ ಮೇಲೆ ಇನ್ನೊಬ್ಬರು. 1990ರ ದಶಕದಲ್ಲಿ ಸಿ.ಡಿ.ಗಳು ವರ್ಷದಿಂದ ವರ್ಷಕ್ಕೆ ಜೋರಾಗುತ್ತ ಹೋದವು. ಸಂಗೀತಲೋಕ ಇದನ್ನು "ಗದ್ದಲದ ಯುದ್ಧ" ಎಂದೇ ಕರೆಯಿತು. 'ಡೆತ್ ಮ್ಯಾಗ್ನೆಟಿಕ್'ನ ಅಂತಿಮ ಸಂಸ್ಕರಣೆ ಮಾಡಿದ ಎಂಜಿನಿಯರ್ ಟೆಡ್ ಜೆನ್ಸನ್, ತನ್ನ ಕೈ ಸೇರುವ ಮೊದಲೇ ಹಾಡುಗಳು ಅಷ್ಟು ಅದುಮಿಸಿಕೊಂಡು ಬಂದಿದ್ದವು ಎಂದು ಅಭಿಮಾನಿಯೊಬ್ಬನಿಗೆ ಉತ್ತರಿಸಿದ್ದು ಹೊರಬಿತ್ತು. ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಮಾತ್ರ ಆಲ್ಬಮ್‌ನ ಸದ್ದು ತನಗೆ ಒಪ್ಪಿಗೆಯಾಗಿದೆ ಎಂದರು. ಮಾರಾಟಕ್ಕೇನೂ ಧಕ್ಕೆಯಾಗಲಿಲ್ಲ ಎನ್ನುವುದನ್ನೂ ಹೇಳಬೇಕು; ಅಮೆರಿಕದಲ್ಲಿ ಅದು ನೇರವಾಗಿ ಮೊದಲ ಸ್ಥಾನಕ್ಕೇ ಬಂದು ಕುಳಿತಿತು.

ಈ ವಿಷಯದಲ್ಲಿ ನಾನೇನೂ ಸಾಧುವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶ್ರೀಕೃಷ್ಣ ಪಾರಿಜಾತ ಬಯಲಾಟವೊಂದನ್ನು ಮುದ್ರಿಸಿಕೊಳ್ಳಲು ಹೋಗಿದ್ದೆ. ಪಾರಿಜಾತ ನಿಮ್ಮ ಸೀಮೆಯದೇ ಕಲೆ. ಕುಲಗೋಡ ತಮ್ಮಣ್ಣನವರ ಹೆಸರೂ ಕೌಜಲಗಿ ನಿಂಗಮ್ಮನವರ ಹೆಸರೂ ಅದರ ಜೊತೆ ಬೆಸೆದುಕೊಂಡಿವೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ದೂತಿಯ ಪಿಸುಮಾತಿನ ಚೇಷ್ಟೆಯೂ ಇದೆ, ಹಿಮ್ಮೇಳದವರೆಲ್ಲ ಒಮ್ಮೆಗೇ ಎತ್ತಿಕೊಳ್ಳುವ ಪಲ್ಲವಿಯೂ ಇದೆ. ನಾನು ಮಹಾಶಯ, ಯಂತ್ರದಲ್ಲಿ ಸದ್ದನ್ನು ತಾನೇ ಸರಿದೂಗಿಸಿಕೊಳ್ಳುವ ಗುಂಡಿಯೊಂದನ್ನು ಒತ್ತಿ ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋದೆ. ಮರುದಿನ ಕೇಳಿದರೆ ದೂತಿಯ ಪಿಸುಮಾತೂ ಕೂಗು, ಪಲ್ಲವಿಯೂ ಅಷ್ಟೇ ಕೂಗು. ತಬಲಾದ ಪ್ರತಿ ಪೆಟ್ಟಿಗೂ ಹಾಡುವವರ ದನಿ ಬಾವಿಗೆ ಬಿದ್ದಂತೆ ಕುಸಿದು ಮತ್ತೆ ಮೇಲೇಳುತ್ತಿತ್ತು. ಹಿರಿಯ ಕಲಾವಿದರೊಬ್ಬರು ಕೇಳಿ, "ಇದ್ರಾಗ ನಾ ಎಲ್ಲಿ ಅದೀನಪಾ?" ಎಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಆ ಟೇಪನ್ನು ನಾವು ಪ್ರಸಾರ ಮಾಡಲಿಲ್ಲ.

ಹಾಗಾದರೆ ಹುಕ್ಕೇರಿಯ ಹುಡುಗನ ತಲೆನೋವಿನ ತಪ್ಪೆಲ್ಲ ಸಿ.ಡಿ.ಯದೇ? ಅಷ್ಟು ಬೇಗ ತೀರ್ಪು ಕೊಡುವುದು ಬೇಡ. ಹದಿಹರೆಯದಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡು ಮನಸ್ಸಿನಲ್ಲಿ ಬೇರೆಲ್ಲಕ್ಕಿಂತ ಗಟ್ಟಿಯಾಗಿ ಕೂರುತ್ತದೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಪದೇ ಪದೇ ಎದುರಾದದ್ದು ಹಾಗೆಯೇ ಇಷ್ಟವಾಗತೊಡಗುತ್ತದೆ ಎಂದು ರಾಬರ್ಟ್ ಝಯಾಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇನ್ನೂರು ಸಲ ಕೇಳಿದ ಹಳೆಯ ಆಲ್ಬಮ್‌ನ್ನು ಮೂರು ಸಲ ಕೇಳಿದ ಹೊಸದರ ಜೊತೆ ತೂಗಿದರೆ ತಕ್ಕಡಿ ಎತ್ತ ವಾಲುತ್ತದೆಂದು ಹೇಳಲು ವಿಜ್ಞಾನಿಯೇ ಬೇಕಿಲ್ಲ.

ಕಲಾವಿದ ಬದಲಾಗುವುದೂ ನಿಜ. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ 'ಮಾಸ್ಟರ್ ಆಫ್ ಪಪೆಟ್ಸ್' ಹೊತ್ತಿಗೆ 22ರ ಹುಡುಗ, 'ಡೆತ್ ಮ್ಯಾಗ್ನೆಟಿಕ್' ಹೊತ್ತಿಗೆ 45ರ ಗೃಹಸ್ಥ. ಕಂಠದ ತಂತುಗಳು ವಯಸ್ಸಿನೊಂದಿಗೆ ಬಿಗಿ ಕಳೆದುಕೊಳ್ಳುತ್ತವೆ. ಎಷ್ಟೋ ತಂಡಗಳು ವೇದಿಕೆಯಲ್ಲಿ ಗಿಟಾರಿನ ಶ್ರುತಿಯನ್ನೇ ಅರ್ಧ ಸ್ವರ ಇಳಿಸಿಕೊಳ್ಳುತ್ತವೆ. ನಮ್ಮವರೂ ಹಾಗೆ ಮಾಡುತ್ತಾರೆ. ಆದರೆ ಬದಲಾವಣೆಯೆಲ್ಲ ಇಳಿಮುಖವೇ ಅಲ್ಲ. ನಿಮ್ಮ ಜಿಲ್ಲೆಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಕರಾಗಿದ್ದಾಗಲೇ ಹೆಸರು ಮಾಡಿದವರು. 1940ರ ದಶಕದ ಕೊನೆಗೆ ಕ್ಷಯ ತಗುಲಿ ಕೆಲವು ವರ್ಷ ಅವರು ಹಾಡುವಂತೆಯೇ ಇರಲಿಲ್ಲ. ಒಂದು ಶ್ವಾಸಕೋಶ ಕೆಟ್ಟಿತ್ತು. ಮರಳಿ ಬಂದಾಗ ಉದ್ದನೆಯ ಉಸಿರಿನ ಆಲಾಪದ ಜಾಗದಲ್ಲಿ ಚಿಕ್ಕಚಿಕ್ಕ, ಚುರುಕಾದ ಸ್ವರಗುಚ್ಛಗಳು ಬಂದಿದ್ದವು. ಸಂಪ್ರದಾಯಸ್ಥ ಕೇಳುಗರಲ್ಲಿ ಹಲವರು ಇದೇನು ಸಂಗೀತ ಎಂದರು. ಇವತ್ತು ಅವರನ್ನು ನೆನೆಯುವವರು ಹೆಚ್ಚಾಗಿ ನೆನೆಯುವುದು ಆ ಎರಡನೆಯ ಕುಮಾರರನ್ನೇ. ಆದ್ದರಿಂದ "ಮೊದಲಿನಂತಿಲ್ಲ" ಎಂಬ ಮಾತಿನಲ್ಲಿ ಎರಡು ದೂರುಗಳು ಬೆರೆತಿರುತ್ತವೆ. ಹಾಡಿನ ಮೇಲಿನದು ಒಂದು, ಮುದ್ರಣದ ಮೇಲಿನದು ಇನ್ನೊಂದು. 2008ರ ಅಭಿಮಾನಿಗಳ ಹೆಚ್ಚುಗಾರಿಕೆಯೆಂದರೆ ಅವರು ಅವೆರಡನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ಪುರಾವೆ ಇಟ್ಟದ್ದು.

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಹಾಡನ್ನು ಎಲ್ಲಿ ಕೇಳುತ್ತೀಯಪ್ಪಾ ಎಂದೆ. ಗೋಕಾಕಕ್ಕೆ ಹೋಗಿ ಬರುವ ಬಸ್ಸಿನಲ್ಲಂತೆ, ಕಿವಿಯೊಳಗೆ ಇಯರ್‌ಫೋನ್ ಇಟ್ಟು. ಎಷ್ಟು ಜೋರು? "ಫುಲ್‌ರಿ." ಬಸ್ಸಿನ ಇಂಜಿನ್, ಕಿಟಕಿಯ ಗಡಗಡ, ಇವನ್ನು ಮೀರಲು ಎಲ್ಲರೂ ಹಾಗೇ ಏರಿಸುತ್ತಾರೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಎನ್ನುತ್ತದೆಯೇ ಎಂದು ಕೇಳಿದಾಗ ಅವನು ತಲೆ ತಗ್ಗಿಸಿ, "ಹೂಂ ರಿ, ಒಂದ್ ತಿಂಗಳಾತು" ಎಂದ. ತರಗತಿಯಲ್ಲಿ ಆಗ ಯಾರೂ ನಗಲಿಲ್ಲ.

ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಹುಟ್ಟುವಾಗ ಬಂದಷ್ಟೇ. ಸತ್ತದ್ದು ಮತ್ತೆ ಚಿಗುರುವುದಿಲ್ಲ. ಡೆಸಿಬಲ್ ಲೆಕ್ಕದಲ್ಲಿ ಮೂರು ಹೆಚ್ಚಾದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ. ಆದ್ದರಿಂದ ಕಿವಿ ತಡೆಯುವ ಹೊತ್ತು ಅರ್ಧಕ್ಕಿಳಿಯುತ್ತದೆ. ದಿನಕ್ಕೆ 85 ಡೆಸಿಬಲ್ ಆದರೆ 8 ಗಂಟೆ ಎನ್ನುವುದು ಬಹಳ ಕಡೆ ಒಪ್ಪಿದ ಮಿತಿ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ ಇಳಿಯುತ್ತ ಬನ್ನಿ, 100 ಡೆಸಿಬಲ್ಲಿಗೆ ಬರೀ 15 ನಿಮಿಷ. ಪೂರ್ತಿ ಏರಿಸಿದ ಇಯರ್‌ಫೋನ್ ಆ 100ನ್ನು ಸುಲಭವಾಗಿ ಮುಟ್ಟುತ್ತದೆ. 'ಡೆತ್ ಮ್ಯಾಗ್ನೆಟಿಕ್'ನ ನಾಲ್ಕನೆಯ ಹಾಡು ಶುರುವಾಗುವ ಹೊತ್ತಿಗೆ 21 ನಿಮಿಷ ಕಳೆದಿರುತ್ತದೆ! ಹಳೆಯ ಆಲ್ಬಮ್‌ನಲ್ಲಿ ನಡುನಡುವೆ ಮೆತ್ತಗಿನ ಭಾಗಗಳು ಬಂದು ಕಿವಿಗೆ ಉಸಿರಾಡಲು ಬಿಡುತ್ತವೆ. ಇಟ್ಟಿಗೆಯಂಥ ಮುದ್ರಣದಲ್ಲಿ ಆ ಬಿಡುವಿಲ್ಲ. ಮಳೆಗಾಲದಲ್ಲಿ ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಿಂತಿದ್ದೀರಾ? 52 ಮೀಟರ್ ಕೆಳಗೆ ಬೀಳುವ ಘಟಪ್ರಭೆಯ ಮೊರೆತ ಮೊದಲ ಐದು ನಿಮಿಷ ಮೈ ಜುಂ ಎನಿಸುತ್ತದೆ. ಅರ್ಧ ಗಂಟೆಗೆ ದಣಿವು ಬರುತ್ತದೆ. ಅದು ದೊಡ್ಡ ಸದ್ದು ಎಂಬುದಕ್ಕಿಂತ ಎಡೆಬಿಡದ ಸದ್ದು ಎಂಬುದೇ ಕಾರಣ.

ಗುಂಯ್ ಎನ್ನುವ ಆ ಸದ್ದಿಗೆ ಕಿವಿಮೊರೆತ ಎನ್ನುತ್ತಾರೆ. ಜಾತ್ರೆಯ ಡಾಲ್ಬಿ ಪೆಟ್ಟಿಗೆಯ ಎದುರು ಕುಣಿದು ಬಂದ ರಾತ್ರಿ ನಿಮಗೂ ಆಗಿರಬಹುದು. ಒಂದೆರಡು ದಿನದಲ್ಲಿ ಹೋದರೆ ಕೋಶಗಳು ದಣಿದಿದ್ದವು ಎಂದರ್ಥ. ಆದರೆ ಹೋಗದೆ ಉಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಇದೇ ಲಾರ್ಸ್ ಉಲ್ರಿಕ್ ತನಗೆ ಕಿವಿಮೊರೆತವಿದೆ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಯುದ್ಧದ ಕಥೆಯಲ್ಲಿ ಒಂದು ತಿರುವು ಇದೆ. ಈಗ ಮೊಬೈಲಿನಲ್ಲಿ ಹಾಡು ಬಿತ್ತರಿಸುವ ಹಲವು ಸೇವೆಗಳು ಪ್ರತಿ ಹಾಡಿನ ಸರಾಸರಿ ಸದ್ದನ್ನು ಅಳೆದು, ಜೋರಾಗಿರುವುದನ್ನು ತಾವೇ ಇಳಿಸುತ್ತವೆ. ಈ ಅಳತೆಗೆ ಆಧಾರವಾದ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2006ರಲ್ಲಿ, ಮುಖ್ಯವಾಗಿ ನಮ್ಮಂಥ ಪ್ರಸಾರದವರಿಗಾಗಿ. ಧಾರಾವಾಹಿಯ ನಡುವೆ ಜಾಹೀರಾತು ಬಂದೊಡನೆ ಅಜ್ಜಿ ಬೆಚ್ಚಿಬೀಳುತ್ತಿದ್ದುದು ನೆನಪಿದೆಯಲ್ಲ, ಅದಕ್ಕೆ! ಹೀಗೆ ಇಳಿಸಿದ ಮೇಲೆ ಅದುಮಿದ ಹಾಡಿಗೆ ಜೋರಿನ ಲಾಭ ಇಲ್ಲ. ಆದರೆ ಕತ್ತರಿಸಿಹೋದ ತುದಿಗಳು ಮರಳಿ ಬರುವುದಿಲ್ಲ.

ನೀವೇ ಪರೀಕ್ಷಿಸಬಹುದು. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಕಾಲೇಜಿನ ಯಾವ ಕಂಪ್ಯೂಟರಿನಲ್ಲಾದರೂ ನಡೆಯುತ್ತದೆ. ನಿಮ್ಮ ಬಳಿಯಿರುವ ಒಂದು ಹಳೆಯ ಹಾಡು, ಒಂದು ಹೊಸದು ತೆರೆದು ಚಿತ್ರ ನೋಡಿ. ಭಾವಗೀತೆಯಾದರೂ ಸರಿ, ಸಿನಿಮಾ ಹಾಡಾದರೂ ಸರಿ. ನಂತರ ಜೋರಿರುವುದರ ಸದ್ದನ್ನು ಇಳಿಸಿ ಎರಡೂ ಸಮನಾಗಿ ಕೇಳಿಸುವಂತೆ ಮಾಡಿ. ಗೆಳೆಯನಿಗೆ ಬೆನ್ನು ತಿರುಗಿಸಿ ಕೂರಲು ಹೇಳಿ, ಯಾವುದೆಂದು ತಿಳಿಸದೆ ಒಂದೊಂದು ನಿಮಿಷ ಕೇಳಿಸಿ. ಸಮ ಮಾಡುವ ಮೊದಲಿನ ಉತ್ತರ, ಆಮೇಲಿನ ಉತ್ತರ ಎರಡನ್ನೂ ಬರೆದಿಡಿ.

ಆ ಹುಡುಗ ಇದನ್ನು ಮಾಡಿ ಮೂರು ವಾರದ ಮೇಲೆ ಫೋನ್ ಮಾಡಿದ್ದ. ಮೊದಲ ಸುದ್ದಿ ಕಿವಿಯದು: ಬೆಳಗಾವಿಯಲ್ಲಿ ಪರೀಕ್ಷೆ ಮಾಡಿಸಿದನಂತೆ, ಕೇಳುವ ಶಕ್ತಿಗೆ ಸದ್ಯ ತೊಂದರೆಯಿಲ್ಲ, ಬಸ್ಸಿನಲ್ಲಿ ಇಯರ್‌ಫೋನ್ ಬಿಟ್ಟ ಮೇಲೆ ಗುಂಯ್ ಎನ್ನುವುದು ಕಡಿಮೆಯಾಗಿದೆ. ಹಾಸ್ಟೆಲಿನ ಗೆಳೆಯರ ಮೇಲಿನ ಪ್ರಯೋಗದಲ್ಲಿ, ಸದ್ದು ಸಮ ಮಾಡುವ ಮೊದಲು ಹೆಚ್ಚಿನವರು ಹೊಸದೇ ಚೆಂದ ಎಂದರಂತೆ, ಸಮ ಮಾಡಿದ ಮೇಲೆ ಅವರಲ್ಲೇ ಹಲವರು ಹಳೆಯದರ ಕಡೆ ವಾಲಿದರಂತೆ. "ನಾಕನೇ ಹಾಡು ಈಗ ಮನ್ಯಾಗ ಸಣ್ಣಗ ಇಟ್ಟು ಕೇಳ್ತೀನ್ರಿ," ಎಂದ. "ಮೊದಲಿಗೆ ಗಿಟಾರ್ ಮೆತ್ತಗ ಬರ್ತೈತಲ್ರಿ, ಅದು ಛಲೋ ಐತ್ರಿ. ಮುಂದ ಮತ್ತ ಅದೇ ಗದ್ಲ."